ಗೊಬ್ಬರದ ಮಡಕೆ ಮತ್ತು ನನ್ನ ಮರ್ಯಾದೆ

ನಮ್ಮದು ಬೋಳಾರದಲ್ಲಿ ನಾಲ್ಕು ತಲೆಮಾರು ಮರ್ಯಾದೆಯಿಂದ ಬಾಳಿದ ಮನೆತನ. ಊರಿನ ಜಗಳಗಳು ನನ್ನ ಅಜ್ಜನ ಚಾವಡಿಯಲ್ಲಿ ತೀರ್ಮಾನವಾಗುತ್ತಿದ್ದವು. ನಾನು ಕಾನ್ವೆಂಟಿನಲ್ಲಿ ಕಲಿತವಳು. ಅಲ್ಲಿ ಸಿಸ್ಟರುಗಳು ದಿನಾ ಉಗುರು, ಕರವಸ್ತ್ರ ಪರೀಕ್ಷಿಸುತ್ತಿದ್ದರು. ಈಗ ಅತ್ತಾವರದ ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳಿಗೆ ಅಡುಗೆಮನೆಯ ಕಸದಿಂದ ಅಂಗಳದ ಮಡಕೆಯಲ್ಲಿ ಗೊಬ್ಬರ ಮಾಡಲು ಕಲಿಸುತ್ತೇನೆ. ಶಿಸ್ತಿಗೆ ಕೊರತೆಯಿಲ್ಲ. ಆದರೂ ಏನಾದರೊಂದು ನಡೆಯದ ವಾರವಿಲ್ಲ.

ಡಬ್ಬಿ

ಸಿಪ್ಪೆಯನ್ನು ಪ್ಲಾಸ್ಟಿಕ್ಕಿನಲ್ಲಿ ತರಬಾರದು, ಸ್ಟೀಲ್ ಡಬ್ಬಿಯಲ್ಲಿ ಚೊಕ್ಕವಾಗಿ ತರಬೇಕು ಎಂದಿದ್ದೆ. ಒಬ್ಬ ಹುಡುಗ ಡಬ್ಬಿ ತೆರೆದರೆ ಒಳಗೆ ನೀರುದೋಸೆ, ಚಟ್ನಿ. ಮಧ್ಯಾಹ್ನ ಅವನ ತಂದೆ ಆಫೀಸಿನಿಂದ ಹೆಂಡತಿಗೆ ಫೋನ್ ಮಾಡಿದರಂತೆ: "ಬಾಳೆಹಣ್ಣಿನ ಸಿಪ್ಪೆ, ಸೌತೆಕಾಯಿ ತಿರುಳು! ನಾನು ಎಂತ ತಪ್ಪು ಮಾಡಿದ್ದು ಮಾರಾಯ್ತಿ?"

ಜ್ವರ

ಕಸ ಕೊಳೆಯುವಾಗ ಮಡಕೆ ಬಿಸಿಯಾಗುತ್ತದೆ ಎಂದು ಮಕ್ಕಳಿಂದ ಮುಟ್ಟಿಸಿ ತೋರಿಸಿದೆ. ಮರುವಾರ ಐದು ವರ್ಷದ ಹುಡುಗಿಯೊಬ್ಬಳು ಬಟ್ಟಲು ಹಿಡಿದು ಬಂದಳು.

"ಇದೆಂತದು?"

"ಗಂಜಿ, ಆಂಟಿ. ಮಡಕೆಗೆ ಜ್ವರ ಉಂಟಲ್ಲ? ಉಪ್ಪಿನಕಾಯಿ ತರ್ಲಿಲ್ಲ. ಅದಕ್ಕೆ ಖಾರ ಆಗ್ತದೆ."

ನೋಟಿಸು

ಮಡಕೆಗೆ ಮೀನು ಹಾಕಬಾರದು ಎಂಬುದು ನನ್ನ ಮೊದಲ ನಿಯಮ. ತರಗತಿಯನ್ನು ಶನಿವಾರ ಇಟ್ಟದ್ದೂ ಅದಕ್ಕೇ. ಅಂದು ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಮೀನಿಲ್ಲ. ಹಾಗಿದ್ದೂ ಅಂಗಳದಲ್ಲಿ ನಾತ ಶುರುವಾಯಿತು. ಅಪಾರ್ಟ್‌ಮೆಂಟಿನ ಸೆಕ್ರೆಟರಿಯವರು ಬೋರ್ಡಿನಲ್ಲಿ ನೋಟಿಸು ಹಾಕಿದರು: "ದುರ್ವಾಸನೆಗೆ ಮೂರನೇ ಮಹಡಿಯ ಮೇಡಂ ಅವರೇ ಹೊಣೆ. ತರಗತಿ ನಿಲ್ಲಿಸಲಾಗುವುದು." ನಮ್ಮ ಮನೆತನದವರ ಬಗ್ಗೆ ಈವರೆಗೆ ಯಾರೂ ಬೋರ್ಡಿನಲ್ಲಿ ಬರೆದದ್ದಿಲ್ಲ.

ಮುಂದಿನ ಶನಿವಾರ ಬೆಳಿಗ್ಗೆ ಎಲ್ಲರನ್ನೂ ಕರೆದು, ಅವರ ಎದುರೇ ಮಡಕೆಯ ಮುಚ್ಚಳ ತೆಗೆದೆ. ಮೇಲೆಯೇ ಒಂದು ಕಾಗದದ ಕಟ್ಟು. ಬಿಚ್ಚಿದರೆ ಬಂಗುಡೆಯ ತಲೆಗಳು. ಸುತ್ತಿದ್ದು ಅಂದಿನ ಪೇಪರು.

"ನೋಡಿ ಮೇಡಂ!" ಎಂದರು ಸೆಕ್ರೆಟರಿ. "ಶನಿವಾರವೂ ಮೀನು ತಿನ್ನುವವರು ಇದ್ದಾರೆ ಇಲ್ಲಿ. ನಮ್ಮ ಮನೆಯಲ್ಲಂತೂ ಇಲ್ಲ, ಅದು ಎಲ್ಲರಿಗೂ ಗೊತ್ತುಂಟು."

ಮುಂದಿನ ಸಾಲಿನಲ್ಲಿದ್ದ ಅವರ ಮೊಮ್ಮಗಳು ಕೈ ಎತ್ತಿದಳು. ಮಾತಾಡುವ ಮೊದಲು ಕೈ ಎತ್ತಬೇಕೆಂದು ಕಲಿಸಿದವಳು ನಾನೇ.

"ಅಜ್ಜಾ, ಇದು ನಮ್ಮದೇ ಅಲ್ವಾ? ನಮ್ಮ ಕಸದ ಬಕೆಟಿಗೆ ಹಾಕಿದ್ರೆ ಎಲ್ಲರಿಗೂ ಗೊತ್ತಾಗ್ತದೆ, ಆಂಟಿಯ ಮಡಕೆಗೆ ಹಾಕು ಅಂತ ಪ್ರತಿ ಶನಿವಾರ ನೀವೇ ಹೇಳುವುದಲ್ವಾ?"

ಆ ನೋಟಿಸು ಇನ್ನೂ ಬೋರ್ಡಿನಲ್ಲಿದೆ. ಅದನ್ನು ತೆಗೆದು, ಅದೇ ಜಾಗದಲ್ಲಿ, ಅಷ್ಟೇ ದೊಡ್ಡ ಅಕ್ಷರಗಳಲ್ಲಿ ಸೆಕ್ರೆಟರಿಯವರು ನನ್ನ ಕ್ಷಮೆ ಕೇಳಬೇಕು.