ಪುಸ್ತಕದಲ್ಲಿ ಹೀಗಿರಲಿಲ್ಲ

ಸಿನಿಮಾ ನೋಡಿ ಹೊರಗೆ ಬಂದು, ಸೆರಗಿಗೆ ಅಂಟಿದ ಪಾಪ್‌ಕಾರ್ನ್ ಕೊಡವುತ್ತ, ‘ಪುಸ್ತಕದಲ್ಲಿ ಹೀಗಿರಲಿಲ್ಲ’ ಎಂದು ಹೇಳುವುದರಲ್ಲಿ ಒಂದು ಸುಖವಿದೆ. ಸಿನಿಮಾ ಚೆನ್ನಾಗಿದ್ದರೆ ಈ ಸುಖ ಸಿಗುವುದಿಲ್ಲ. ನಾವು ಪುಸ್ತಕ ಓದಿದ್ದೇವೆ, ಪಕ್ಕದವರು ಓದಿಲ್ಲ, ನಿರ್ದೇಶಕನಂತೂ ಮುಟ್ಟಿಯೂ ನೋಡಿಲ್ಲ ಎಂಬುದೆಲ್ಲ ಆ ಎರಡು ಪದಗಳಲ್ಲಿ ಜಾಹೀರಾಗಿಬಿಡುತ್ತದೆ. ಈ ಮಾತಾಡುವ ಯೋಗ್ಯತೆ ನನಗೆ ಸುಲಭವಾಗಿ ಬಂದದ್ದಲ್ಲ. ನಮ್ಮಪ್ಪ ತುಮಕೂರಿನಲ್ಲಿ ಗಾರೆ ಕೆಲಸ ಮಾಡುತ್ತಿದ್ದರು. ಸಿನಿಮಾಕ್ಕೆ ಕರೆದುಕೊಂಡು ಹೋದರೆ ನಾಯಕಿಯನ್ನು ಬಿಟ್ಟು ಅವಳ ಹಿಂದಿನ ಗೋಡೆ ನೋಡುತ್ತ, ‘ಆ ಮೂಲೆ ಸೊಟ್ಟಗೈತೆ, ಯಾವನು ಕಟ್ಟಿದ್ನೋ’ ಎಂದು ಕೊರಗುತ್ತಿದ್ದರು. ಅಮ್ಮ ಹೂ ಕಟ್ಟಿ ಮಾರುತ್ತಿದ್ದವರು. ನಾಯಕಿ ಎಷ್ಟೇ ಅತ್ತರೂ ಅಮ್ಮನಿಗೆ ಅವಳ ಜಡೆಯಲ್ಲಿರುವುದು ಪ್ಲಾಸ್ಟಿಕ್ ಮಲ್ಲಿಗೆ ಎಂಬುದೊಂದೇ ದುಃಖ. ನಮ್ಮ ಮನೆತನದಲ್ಲಿ ಪುಸ್ತಕ ಓದಿ ಸಿನಿಮಾವನ್ನು ಬೈದವಳು ನಾನೇ ಮೊದಲು. ಡಿಗ್ರಿ ಮಾಡಿದವಳೂ ನಾನೇ ಮೊದಲು. ಇವೆರಡನ್ನೂ ಸಂದರ್ಭ ಸಿಕ್ಕಾಗ ಹೇಳಿಕೊಳ್ಳುತ್ತೇನೆ. ಸಿಗದಿದ್ದರೆ ಸಂದರ್ಭವನ್ನು ನಾನೇ ಒದಗಿಸಿಕೊಳ್ಳುತ್ತೇನೆ.

ಪಠ್ಯಪುಸ್ತಕಗಳನ್ನು ಬಿಟ್ಟರೆ ನಮ್ಮ ಮನೆಯಲ್ಲಿದ್ದದ್ದು ಒಂದೇ ಪುಸ್ತಕ. ಏಳನೇ ತರಗತಿಯಲ್ಲಿ ಪ್ರಬಂಧ ಸ್ಪರ್ಧೆಗೆ ಬಹುಮಾನವಾಗಿ ಬಂದ ಮಕ್ಕಳ ಕಾದಂಬರಿ. ಗಿರಿಜೆ ಎಂಬ ಹುಡುಗಿಯ ಎಮ್ಮೆ ಕಳೆದುಹೋಗುತ್ತದೆ. ಅವಳು ತಾತನ ಹರಕು ಕೊಡೆ ಹಿಡಿದುಕೊಂಡು ಊರೂರು ಅಲೆದು ಹುಡುಕುತ್ತಾಳೆ. ಕಥೆ ಅಷ್ಟೆ. ಅದಕ್ಕೆ ಹಳೇ ಪೇಪರಿನ ಹೊದಿಕೆ ಹಾಕಿ, ತಂಗಿ ಲತಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಆಮೇಲೆ ನಮ್ಮ ಬಾಡಿಗೆ ಮನೆಯ ಓನರ್ ಮಗಳು ‘ಎರಡು ದಿನಕ್ಕೆ ಕೊಡೇ’ ಅಂತ ತೆಗೆದುಕೊಂಡು ಹೋದಳು. ಆ ಎರಡು ದಿನ ಇನ್ನೂ ಮುಗಿದಿಲ್ಲ. ಹೋದರೆ ಹೋಗಲಿ, ಪ್ರತಿ ಸಾಲೂ ನನ್ನ ತಲೆಯಲ್ಲಿದೆ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಈಗ ನಾನು ಸಿಂಗಪುರದ ರಾಫೆಲ್ಸ್ ಪ್ಲೇಸಿನ ಒಂದು ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಏನು ಮಾಡಬೇಕು ಎಂದು ಬರೆದುಕೊಟ್ಟಿರುತ್ತಾರೆ, ಹುಡುಗರು ಇನ್ನೇನೋ ಮಾಡಿಟ್ಟಿರುತ್ತಾರೆ; ಎರಡನ್ನೂ ಪಕ್ಕಪಕ್ಕ ಇಟ್ಟು ತಪ್ಪು ಹುಡುಕುವುದು ನನ್ನ ಹೊಟ್ಟೆಪಾಡು. ಮೂಲ ಕಾಗದ ನೋಡದೆ ಯಾರಾದರೂ ಬಾಯಿ ತೆರೆದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಮಗಳು ನಿಧಿ ಹುಟ್ಟಿ ಬೆಳೆದದ್ದೆಲ್ಲ ಇಲ್ಲಿಯೇ. ಅವಳಿಗೆ ನಾಲ್ಕು ವರ್ಷವಿದ್ದಾಗಿನಿಂದ ಬೆಳಿಗ್ಗೆ ನಮ್ಮ ಮನೆಯಿರುವ ಟೋವಾ ಪಾಯೋದಿಂದ ಎಂಆರ್‌ಟಿ ಟ್ರೇನಿನಲ್ಲಿ ಶಾಲೆಗೆ ಹೋಗುವಾಗ ಗಿರಿಜೆಯ ಕಥೆ ಹೇಳುವುದು ನಮ್ಮ ವಾಡಿಕೆ. ಮೊದಲ ದಿನವೇ ತೊಡಕಾಯಿತು. ‘ಎಮ್ಮೆ ಅಂದ್ರೆ ಏನಮ್ಮಾ?’ ಎಂದಳು. ಕಪ್ಪಗಿರತ್ತೆ, ನೀರಲ್ಲಿ ಬಿದ್ಕೊಂಡಿರತ್ತೆ ಎಂದೆ. ‘ಓ, ಆಟರ್!’ ಎಂದಳು. ಹಿಂದಿನ ಭಾನುವಾರವಷ್ಟೇ ಕಲ್ಲಾಂಗ್ ಹೊಳೆಯಲ್ಲಿ ಸಂಸಾರ ಸಮೇತ ಈಜುವ ನೀರುನಾಯಿಗಳನ್ನು ನೋಡಿ ಬಂದಿದ್ದಳು. ಇಳಿಯುವ ಸ್ಟೇಷನ್ ಬಂದಿತ್ತು, ವಿವರಿಸಲು ಪುರಸತ್ತಿರಲಿಲ್ಲ. ಹೂಂ ಎಂದುಬಿಟ್ಟೆ. ಹೀಗೆ ಗಿರಿಜೆಯ ಎಮ್ಮೆ ಸಿಂಗಪುರದಲ್ಲಿ ನೀರುನಾಯಿಯಾಯಿತು. ಒಂದು ಸಲ ಕೈ ಹಾಕಿದ ಮೇಲೆ ಕೇಳಬೇಕೆ? ಗಿರಿಜೆ ಅನ್ನ ಬೇಡಿದ ಊರಬಾಗಿಲ ಮನೆ ಇಲ್ಲಿನ ಊಟದಂಗಡಿಗಳ ಹಾಕರ್ ಸೆಂಟರ್ ಆಯಿತು. ಬೆತ್ತದ ಮೇಷ್ಟರು ಬಂದ ದಿನ ನಿಧಿ ಹೆದರಿ ಶಾಲೆಗೇ ಹೋಗುವುದಿಲ್ಲ ಎಂದು ಕೂತಳು. ಮೇಷ್ಟರನ್ನು ಕೆಲಸದಿಂದ ತೆಗೆದೆ. ಕೊನೆಯಲ್ಲಿ ಗಿರಿಜೆಗೆ ಕಳೆದುಹೋದ ಪ್ರಾಣಿ ಸಿಗುತ್ತದೆ, ಮನೆಗೆ ಕರೆತರುತ್ತಾಳೆ, ಅವಳಮ್ಮ ಪಾಯಸ ಮಾಡುತ್ತಾಳೆ. ಆ ಭಾಗವನ್ನು ಮಾತ್ರ ಒಂದಕ್ಷರ ಬದಲಿಸಿರಲಿಲ್ಲ. ಹಾಗಂತ ಪ್ರಮಾಣ ಮಾಡಲೂ ತಯಾರಿದ್ದೆ.

ಇದೇ ಕಥೆಯ ಬಲದಿಂದ ನಿಧಿ ಕನ್ನಡ ಕ್ಲಾಸಿಗೆ ಸೇರಿದಳು. ನಮ್ಮ ಬ್ಲಾಕಿನಲ್ಲೇ ಮಗಳ ಮನೆಯಲ್ಲಿರುವ ಪದ್ಮಾ ಆಂಟಿ ನಿವೃತ್ತ ಕನ್ನಡ ಮೇಡಂ. ಶನಿವಾರ ಕಟ್ಟಡದ ಕೆಳಗಿನ ತೆರೆದ ಪಡಸಾಲೆಯಾದ ವಾಯ್ಡ್ ಡೆಕ್ಕಿನ ಕಲ್ಲು ಮೇಜಿನ ಸುತ್ತ ಮಕ್ಕಳನ್ನು ಕೂರಿಸಿಕೊಂಡು ಅಕ್ಷರ ತಿದ್ದಿಸುತ್ತಾರೆ. ‘ಆಟರ್ ಬುಕ್ ನಾನೇ ಓದ್ಬೇಕು’ ಎಂಬ ಒಂದೇ ಆಸೆಗೆ ನಿಧಿ ಒಂಬತ್ತನೇ ವಯಸ್ಸಿನಲ್ಲಿ ಒತ್ತಕ್ಷರದವರೆಗೆ ಬಂದಿದ್ದಳು. ಅವಳು ಬೆರಳಿಟ್ಟು ‘ಅಮ್ಮ’ ಎಂದು ಓದಿದ ದಿನ ನನಗೆ ನನ್ನ ಡಿಗ್ರಿ ಸರ್ಟಿಫಿಕೇಟು ಕೈಗೆ ಬಂದಾಗಲೂ ಆಗದಷ್ಟು ಹಿಗ್ಗಾಗಿತ್ತು.

ಅಷ್ಟರಲ್ಲಿ ಆ ಕಾದಂಬರಿ ಸಿನಿಮಾ ಆಯಿತೆಂಬ ಸುದ್ದಿ ಬಂತು. ಇಲ್ಲಿ ಕನ್ನಡ ಸಿನಿಮಾ ತಾನಾಗಿ ಬರುವುದಿಲ್ಲ. ಒಂದು ಹಾಲ್ ತುಂಬುವಷ್ಟು ಜನ ನಾವು ಸೇರಿಸಿದರೆ ಒಂದು ಶೋ ಹಾಕುತ್ತಾರೆ. ನಾನು ವಾಟ್ಸಾಪ್ ಗ್ರೂಪಿನಲ್ಲಿ ಒಂದು ತಿಂಗಳು ಡಂಗುರ ಹೊಡೆದೆ. ‘ಫ್ಯಾಮಿಲಿ ಸಿನಿಮಾ, ಮಕ್ಕಳನ್ನು ತಪ್ಪದೆ ಕರೆತನ್ನಿ, ಇಷ್ಟವಾಗದಿದ್ದರೆ ನನ್ನನ್ನು ಕೇಳಿ’ ಎಂದೆ. ಮೈಸೂರಿನ ಲೆಕ್ಚರರ್ ಮಗನಾದ ನನ್ನ ಗಂಡ ಸುಧೀಂದ್ರ, ‘ಶೋಭಾ, ಸಿನಿಮಾ ನೋಡೋಕ್ ಮುಂಚೆ ಗ್ಯಾರಂಟಿ ಕೊಡ್ಬೇಡ ಮಾರಾಯ್ತಿ’ ಎಂದ. ‘ನಿಮ್ಮನೇಲಿ ಬೀರುಗಟ್ಲೆ ಪುಸ್ತಕ ಇತ್ತು ಕಣ್ರೀ, ನಿಮಗೆ ಒಂದರ ಬೆಲೆ ಗೊತ್ತಿಲ್ಲ’ ಎಂದು ಬಾಯಿ ಮುಚ್ಚಿಸಿದೆ.

ಭಾನುವಾರ ಮಧ್ಯಾಹ್ನ ಹಾಲ್ ತುಂಬಿತು. ಸಿನಿಮಾ ಶುರುವಾದ ಹತ್ತೇ ನಿಮಿಷಕ್ಕೆ ನನಗೆ ಸಂಕಟ ಹತ್ತಿತು. ಎಮ್ಮೆಗೆ ಶಾಂಪೂ ಹಾಕಿ ತೊಳೆದಿದ್ದರು. ಅದು ಗಿರಿಜೆಗಿಂತ ಚೊಕ್ಕಟವಾಗಿತ್ತು. ಮೂರು ದಿನ ಅಲೆದ ಹುಡುಗಿಯ ಲಂಗದ ಇಸ್ತ್ರಿ ಮುರಿದಿರಲಿಲ್ಲ. ಸೊಂಟ ಹಿಡಿದುಕೊಂಡಿದ್ದ ತಾತ ಹಾಡು ಬಂದ ತಕ್ಷಣ ಎದ್ದು ಕುಣಿದ. ಮಾತಿಗೊಮ್ಮೆ ಕ್ಯಾಮೆರಾ ಹದ್ದಿನ ಹಾಗೆ ಮೇಲಕ್ಕೆ ಹೋಗಿಬಿಡುತ್ತಿತ್ತು. ಎಮ್ಮೆ ಹುಡುಕುವುದಕ್ಕೆ ಅದನ್ನೇ ಕಳಿಸಿದ್ದರೆ ಐದು ನಿಮಿಷದಲ್ಲಿ ಸಿಗುತ್ತಿತ್ತು. ಇಷ್ಟನ್ನು ಹೇಗೋ ನುಂಗಿಕೊಂಡೆ. ಕೊನೆಯಲ್ಲಿ ಗಿರಿಜೆ ಯಾರದೋ ಕೊಟ್ಟಿಗೆಯಲ್ಲಿ ತನ್ನ ಎಮ್ಮೆ ನೋಡುತ್ತಾಳೆ. ಆ ಮನೆಯ ಬಡಕಲು ಮಕ್ಕಳು ಅದರ ಹಾಲು ಕುಡಿಯುತ್ತಿರುತ್ತವೆ. ಅವಳು ಎಮ್ಮೆಯ ಹಣೆ ಸವರಿ, ಒಬ್ಬಳೇ ವಾಪಸು ಹೊರಡುತ್ತಾಳೆ. ಸಿನಿಮಾ ಮುಗಿಯಿತು! ಪಾಯಸವೂ ಇಲ್ಲ, ಏನೂ ಇಲ್ಲ. ನಾನು ಕುದಿಯುತ್ತಿದ್ದಾಗ, ಇಡೀ ಹಾಲಿಗೆ ಕೇಳುವಂತೆ ನಿಧಿ ಕೂಗಿದಳು: ‘ಅಮ್ಮಾ! ಆಟರ್ ಎಲ್ಲಿ?’

ವಾಪಸು ಬರುವಾಗ ಟ್ರೇನಿನಲ್ಲಿ ನಿಂತುಕೊಂಡೇ ಗ್ರೂಪಿಗೆ ವಿಮರ್ಶೆ ಟೈಪ್ ಮಾಡಿದೆ. ‘ಮೂಲ ಕೃತಿಯನ್ನು ಓದುವ ಕನಿಷ್ಠ ಸೌಜನ್ಯವೂ ಇಲ್ಲದ ನಿರ್ದೇಶಕರು’ ಎಂದು ಶುರುವಾಗಿ, ‘ಪ್ರಶಸ್ತಿಯ ಆಸೆಗೆ ಮಕ್ಕಳ ಪಾಯಸ ಕಸಿದುಕೊಂಡಿದ್ದಾರೆ’ ಎಂದು ಮುಗಿಯುವ, ಬೆರಳಿನಿಂದ ನಾಲ್ಕು ಸಲ ತಳ್ಳಿದರೂ ಮುಗಿಯದ ವಿಮರ್ಶೆ. ಕಳಿಸಿ ತಲೆಯೆತ್ತಿದರೆ ನಿಧಿಯ ಕೆನ್ನೆ ಒದ್ದೆಯಾಗಿತ್ತು.

‘ನಾನು ಕನ್ನಡ ಕ್ಲಾಸ್ ಸ್ಟಾಪ್ ಮಾಡ್ತೀನಿ.’

‘ಯಾಕೆ ಕಂದಾ?’

‘ಬುಕ್ಕಲ್ಲಿ ಆಟರ್ ಇಲ್ಲ ಅಂದ್ರೆ ಓದಿ ಏನ್ ಮಾಡ್ಲಿ? ವೇಸ್ಟ್ ಲಾ.’

ಸುಧೀಂದ್ರ ಕಿಟಕಿಯಾಚೆ ನೋಡುತ್ತ, ನಗು ಬಾರದಂತೆ ತುಟಿ ಕಚ್ಚಿಕೊಂಡಿದ್ದ. ಸಿನಿಮಾ ಹಾಳಾದರೆ ಹಾಳಾಗಲಿ, ಮಗಳ ಕನ್ನಡವೇ ಕೈ ತಪ್ಪುತ್ತಿತ್ತಲ್ಲ! ನಾನು ಎರಡು ವರ್ಷ ಕೂಡಿಸಿದ ಅಕ್ಷರಗಳು ಮನೆ ಮುಟ್ಟುವ ಮೊದಲೇ ಸೋರಿಹೋಗುವಂತೆ ಕಂಡವು.

ಮರುದಿನ ಸಂಜೆ ಪದ್ಮಾ ಆಂಟಿ ಲಿಫ್ಟಿನ ಹತ್ತಿರ ಸಿಕ್ಕಿದರು. ಗ್ರೂಪಿನಲ್ಲಿ ಏನೂ ಬರೆದಿರಲಿಲ್ಲ, ದೊಡ್ಡವರ ದೊಡ್ಡತನ. ಚೀಲದಿಂದ ಒಂದು ಪುಸ್ತಕ ತೆಗೆದು, ‘ನಾನೂ ಈ ಪುಸ್ತಕ ವರ್ಷಗಟ್ಲೆ ಪಾಠ ಮಾಡಿದ್ದೀನಿ ಕಣಮ್ಮ. ಪಾಯಸ ಯಾವ ಪುಟದಲ್ಲಿತ್ತು ಅಂತ ನೆನಪಾಗ್ಲಿಲ್ಲ. ನೀನೇ ಒಂಚೂರು ತೋರ್ಸು’ ಎಂದರು. ನಾನು ಗೆಲುವಿನ ಉತ್ಸಾಹದಲ್ಲಿ ಕೊನೆಯ ಅಧ್ಯಾಯ ತೆರೆದೆ. ಕೊಟ್ಟಿಗೆ ಇತ್ತು. ಬಡಕಲು ಮಕ್ಕಳಿದ್ದರು. ಹಾಲಿತ್ತು. ಗಿರಿಜೆ ಒಬ್ಬಳೇ ಹೊರಟಳು. ಪುಟ ತಿರುಗಿಸಿದೆ, ಮುದ್ರಕರ ವಿಳಾಸವಿತ್ತು.

ಆಗ ಬಗ್ಗಡವೆಲ್ಲ ತಿಳಿಯಾಯಿತು. ಆ ಪುಟ ಮೊದಲ ಸಲ ಓದಿದ ದಿನ ಲತಾ ಊಟ ಬಿಟ್ಟು ಅತ್ತಿದ್ದಳು. ಅಮ್ಮನಿಂದ ನನಗೆ ಏಟು ಬಿದ್ದಿತ್ತು. ಮರುದಿನ ಅದೇ ಪುಟದ ಮೇಲೆ ಕಣ್ಣಿಟ್ಟು, ಗಂಭೀರವಾಗಿ, ಇಲ್ಲದ ಪಾಯಸವನ್ನು ಓದಿ ಹೇಳಿದ್ದೆ. ಅವಳು ನಕ್ಕಳು. ಆಮೇಲೆ ದಿನಾ ಅದನ್ನೇ ಓದಿದೆ. ಪುಸ್ತಕ ಕಳೆದುಹೋದ ಮೇಲೆ ಉಳಿದದ್ದು ಆ ಪಾಯಸ ಮಾತ್ರ. ದಿನಕ್ಕೆ ಎಂಟು ಗಂಟೆ ಪರರ ತಪ್ಪು ಹುಡುಕುವ ನಾನು, ಮೂಲ ಕಾಗದವನ್ನೇ ನೋಡದೆ ಒಬ್ಬ ಬಡಪಾಯಿ ನಿರ್ದೇಶಕನನ್ನು ಇಡೀ ಸಿಂಗಪುರದ ಕನ್ನಡಿಗರ ಮುಂದೆ ನಿಲ್ಲಿಸಿ ಉಗಿದಿದ್ದೆ. ಇಸ್ತ್ರಿ ಮತ್ತು ಶಾಂಪೂ ವಿಷಯದಲ್ಲಿ ಈಗಲೂ ನನ್ನ ಮಾತೇ ಸರಿ. ಆದರೆ ಅದನ್ನು ಹೇಳುವ ಮುಖ ಉಳಿದಿರಲಿಲ್ಲ.

ಮನೆಗೆ ಬಂದು ಗ್ರೂಪಿನಲ್ಲಿ ಮೂರು ಸಾಲಿನ ಕ್ಷಮೆ ಕೇಳಿದೆ. ವಿಮರ್ಶೆಯನ್ನು ಯಾರೂ ಪೂರ್ತಿ ಓದಿರಲಿಲ್ಲ. ಕ್ಷಮೆಯನ್ನು ಎಲ್ಲರೂ ಓದಿದರು. ನಂತರ ನಿಧಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೆ.

‘ಆಟರ್ ನೀನೇ ಹಾಕಿದ್ದಾ?’

‘ಹೂಂ.’

‘ಹಾಕರ್ ಸೆಂಟರ್?’

‘ಅದೂ ನಾನೇ.’

‘ಎಂಡಿಂಗ್?’

‘ಅದೂ...’

‘ಅಮ್ಮಾ!’ ಎಂದು ಎದ್ದು ನಿಂತಳು. ‘ಫುಲ್ ಬುಕ್ ನೀನೇ ಚೇಂಜ್ ಮಾಡ್ಬಿಟ್ಟು ಆ ಸಿನಿಮಾ ಅಂಕಲ್‌ನ ಯಾಕೆ ಬೈದೆ?’

ನಾನು ಪದ್ಮಾ ಆಂಟಿಯಿಂದ ತಂದಿದ್ದ ಪುಸ್ತಕವನ್ನು ಮುಂದೆ ಹಿಡಿದೆ. ‘ಬುಕ್ ಕೊಡು ಇಲ್ಲಿ. ನಾನೇ ಓದ್ತೀನಿ. ನೀನು ಹೇಳಿದ್ದು ಒಂದೂ ನಂಬಕ್ಕಾಗಲ್ಲ’ ಎಂದು ಕೈಯಿಂದ ಕಿತ್ತುಕೊಂಡಳು. ಪ್ರೀತಿಯಿಂದ ಮೂಡಿಸಲಾಗದ ಓದುವ ಹಟವನ್ನು ಅಮ್ಮನ ಮೇಲಿನ ಅಪನಂಬಿಕೆ ಮೂಡಿಸಿತು. ನನಗೆ ಬೇಕಾದದ್ದು ಸಿಕ್ಕಿತು, ಆದ್ದರಿಂದ ತಕರಾರು ಮಾಡಲಿಲ್ಲ.

ಪದ್ಮಾ ಆಂಟಿಯ ಪಕ್ಕ ಕೂತು, ಬೆರಳಿಟ್ಟು, ಒತ್ತಕ್ಷರಗಳಿಗೆ ಎಡವುತ್ತ, ಮೂರು ತಿಂಗಳು ಓದಿದಳು. ನಾನು ಏನಾದರೂ ವಿವರಿಸಲು ಹೋದರೆ ‘ಸ್ಟೋರಿ ಹೇಳ್ಬೇಡ, ಮೀನಿಂಗ್ ಮಾತ್ರ ಹೇಳು’ ಎಂದು ಗದರುತ್ತಿದ್ದಳು. ಕೊನೆಯ ಪುಟ ಓದುವ ದಿನ ಅವಳಿಗೆ ಬೇಕಾಗಬಹುದೆಂದು ಕರ್ಚೀಫು ಹಿಡಿದು ಕೂತಿದ್ದೆ. ಅವಳು ನಿಧಾನವಾಗಿ ಓದಿ ಮುಗಿಸಿ, ಪುಸ್ತಕ ಮುಚ್ಚಿ, ‘ಇದು ಕರೆಕ್ಟ್. ಆ ಮಕ್ಕಳಿಗೂ ಹಾಲು ಬೇಕಲ್ವಾ?’ ಎಂದಳು. ಕರ್ಚೀಫು ನನಗೇ ಬೇಕಾಯಿತು.

ಸುಧೀಂದ್ರನಿಗೆ ತಮಾಷೆ ಸುಮ್ಮನಿರಗೊಡುವುದಿಲ್ಲ. ‘ಪುಟ್ಟಾ, ಯಾವುದಕ್ಕೆ ಎಷ್ಟು ಸ್ಟಾರ್ ಕೊಡ್ತೀಯಾ ಹೇಳು’ ಎಂದ. ನಿಧಿ ಯೋಚನೆ ಮಾಡಿ, ಪುಸ್ತಕಕ್ಕೆ ಐದು, ಸಿನಿಮಾಕ್ಕೆ ಮೂರೂವರೆ ಎಂದಳು. ಅಮ್ಮನ ಕಥೆಗೆ ಎರಡು.

‘ಎರಡೇನಾ? ಅಷ್ಟು ವರ್ಷ ಹೇಳಿದ್ದೀನಲ್ಲೇ?’

‘ಎಫರ್ಟ್‌ಗೆ ಕೊಟ್ಟಿದ್ದು ಅದು.’

ಕಾಲೇಜಿನಲ್ಲಿ ಗಣಿತದ ಪೇಪರಿನಲ್ಲಿ ಒಂದೇ ಅಂಕದಿಂದ ಫೇಲಾಗಿ, ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿ, ಹೋರಾಡಿ ಪಾಸಾದವಳು ನಾನು. ಅಷ್ಟಕ್ಕೆ ಬಿಡುತ್ತೇನೆಯೇ? ಸಣ್ಣ ಮಗುವಿಗೆ ಅರ್ಥವಾಗಲೆಂದು ಬದಲಿಸಿದ್ದು, ತಂಗಿ ಅತ್ತಳೆಂದು ಸೇರಿಸಿದ್ದು ಎಂದು ಎಲ್ಲ ವಾದವನ್ನೂ ಮುಂದಿಟ್ಟು, ಇನ್ನೊಮ್ಮೆ ನೋಡು ತಾಯಿ ಎಂದು ಕೇಳಿಕೊಂಡೆ. ನಿಧಿ ಹಣೆ ಗಂಟಿಕ್ಕಿ, ನಿಜಕ್ಕೂ ಶ್ರದ್ಧೆಯಿಂದ, ಮೊದಲಿನಿಂದ ಮತ್ತೆ ಯೋಚಿಸಿದಳು.

ಮರುಮೌಲ್ಯಮಾಪನದಲ್ಲಿ ಒಂದೂವರೆ ಬಂತು.