ಎಡಗೈಯಲ್ಲಿ ಬರೆದ ಕಾರ್ಡು

ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ. ಇದರಲ್ಲಿ ಸುಳ್ಳೇ ಇಲ್ಲವೆಂದಲ್ಲ. ಇದೆ, ಆದರೆ ಅದು ನನ್ನದಲ್ಲ, ಪೀಪಿ ಅಕ್ಕನದು. ಅಂಗೈಯಗಲದ ಕಾರ್ಡಿನಲ್ಲಿ ಹಿಡಿಸುವಷ್ಟೇ ಸುಳ್ಳು.

ವಸತಿ ಶಾಲೆಯೊಂದರ ಬೇಸಿಗೆ ಶಿಬಿರ. ಆರು ಗುಡಿಸಲು, ಗುಡಿಸಲಿಗೊಬ್ಬರಂತೆ ಆರು ಮೇಲ್ವಿಚಾರಕರು. ಎಂಟು ಹುಡುಗಿಯರ ಕೊನೆಯ ಗುಡಿಸಲು ಇವಳ ಪಾಲಿನದು. ಕೊರಳಲ್ಲಿ ಸದಾ ಸೀಟಿ ನೇತಾಡುತ್ತಿದ್ದುದರಿಂದ ಮಕ್ಕಳ ಬಾಯಲ್ಲಿ ಪೀಪಿ ಅಕ್ಕ. ಅಕ್ಕನಿಗೆ ಒಲಿದ ವಿದ್ಯೆ ಒಂದೇ, ಅಣಕ. ಶಾಲೆಯ ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಬಾವಿಯ ತಳದಿಂದ ಬಂದಂಥ ದನಿ, ಪ್ರತಿ ಮಾತಿನ ಬಾಲಕ್ಕೂ ಒಂದು 'ಅರ್ಥವಾಯಿತೇ?'. ಪೀಪಿ ಅಕ್ಕ ಆ ದನಿ ತೆಗೆದಳೆಂದರೆ ಮಂಚದ ಮೇಲೆ ಕುಣಿಯುತ್ತಿದ್ದ ಎಂಟೂ ಮಕ್ಕಳು ಕೊಡೆ ಮಡಚಿದ ಹಾಗೆ ಮಲಗಿಬಿಡುತ್ತಿದ್ದರು.

ಶಿಬಿರ ಮುಗಿದ ಮೇಲೆ ಆರರಲ್ಲಿ ಒಬ್ಬರಿಗೆ ಅದೇ ಶಾಲೆಯಲ್ಲಿ ಕಾಯಂ ಕೆಲಸ, ಜೊತೆಗೊಂದು ಕೋಣೆ. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕೋಣೆ. ಅಣ್ಣನ ಮನೆಯ ನಡುಮನೆಯಲ್ಲಿ, ಅತ್ತಿಗೆಯ ಹೊಲಿಗೆ ಯಂತ್ರಕ್ಕೂ ಇಸ್ತ್ರಿ ಮೇಜಿಗೂ ನಡುವೆ, ಮಡಚುವ ಮಂಚದ ಮೇಲೆ ಮೂರು ವರ್ಷ ಮಲಗಿದವಳಿಗೆ ಆ ಚಿಲಕ ಕನಸಿನಲ್ಲೂ ಬರುತ್ತಿತ್ತು. ಆ ಅತ್ತಿಗೆಯ ಕಥೆಗಳೆಲ್ಲ ಗುಡಿಸಲಿನ ಮಕ್ಕಳಿಗೂ ಬಾಯಿಪಾಠ. ದೊಡ್ಡಮ್ಮನ ಅಳತೆಗೋಲು ಸರಳ: ಯಾರ ಗುಡಿಸಲಿನಿಂದ ಒಂದು ಮಗುವೂ ನಡುವೆಯೇ ಮನೆಗೆ ಹೊರಡುವುದಿಲ್ಲವೋ ಅವರಿಗೆ ಕೆಲಸ. ಉಳಿದ ಐದು ಗುಡಿಸಲುಗಳಿಂದ ಆಗಲೇ ತಲಾ ಒಂದೆರಡು ಟ್ರಂಕು ಹೊರಟಾಗಿತ್ತು.

ಶಿಬಿರದಲ್ಲಿ ಮಕ್ಕಳಿಗೆ ಫೋನು ಇಲ್ಲ. ಬುಧವಾರ ಮನೆಗೊಂದು ಕಾರ್ಡು ಬರೆದುಕೊಟ್ಟರೇ ಊಟದ ತಟ್ಟೆ. ಆ ಬುಧವಾರ, ಮುಂದಿನ ಎರಡು ಹಲ್ಲು ಬಿದ್ದು 'ಕಿಟಕಿ' ಎನ್ನಿಸಿಕೊಂಡಿದ್ದ ಏಳು ವರ್ಷದವಳು ಒಂದೇ ಸಾಲು ಬರೆದಳು: 'ಅಮ್ಮ, ಭಾನುವಾರ ಬಾ, ನನ್ನ ಕರ್ಕೊಂಡು ಹೋಗು.'

ಪೀಪಿ ಅಕ್ಕನ ಕಣ್ಣೆದುರು ಚಿಲಕ ಕಳಚಿ ಬಿತ್ತು. ಆ ಕಾರ್ಡು ಜೇಬು ಸೇರಿತು. ಮಕ್ಕಳು ಊಟಕ್ಕೆ ಹೋದ ಮೇಲೆ ಹೊಸ ಕಾರ್ಡು ಹಿಡಿದು, ಎಡಗೈಯಲ್ಲಿ, ಕಿಟಕಿಯ ಅಕ್ಷರದಂತೆಯೇ ಕುಂಟುವ ಅಕ್ಷರದಲ್ಲಿ ಬರೆದಳು: 'ಅಮ್ಮ, ನಾನು ಕುಶಿಯಾಗಿದೀನಿ. ಭಾನುವಾರ ಬರಬೇಡ, ನನಗೆ ತುಂಬ ಕೆಲಸ ಇದೆ. ಅಕ್ಕ ಒಳ್ಳೆಯವಳು.' ಕೆಳಗೆ ಎರಡು ಹಲ್ಲಿಲ್ಲದ ಒಂದು ನಗುಮುಖ. ಅದು ಕಿಟಕಿಯ ರುಜು. ಜ್ವರದ ನೆಪ ಹೇಳಿ ಮೂಲೆಯ ಮಂಚದಲ್ಲಿ ಮಲಗಿದ್ದ 'ಲಾಯರ್', ವಯಸ್ಸು ಹತ್ತು, ಬಾಯಿಗೆ ನಲವತ್ತು, ಇಡೀ ಹೊತ್ತು ಚಾದರದಡಿಯಿಂದ ಒಂದು ಕಣ್ಣು ತೆರೆದೇ ಇದ್ದಳು.

ಭಾನುವಾರ ಬಂತು. ಹತ್ತು ಗಂಟೆಗೆ ಗೇಟು ತೆರೆಯುವುದು. ಕಿಟಕಿ ಏಳಕ್ಕೇ ತನ್ನ ಟ್ರಂಕಿನ ಮೇಲೆ ಕೂತಿದ್ದಳು, ಎಡಗಾಲಿನ ಶೂ ಬಲಗಾಲಿಗೆ ಹಾಕಿಕೊಂಡು. ಹತ್ತಾಯಿತು, ಹನ್ನೊಂದಾಯಿತು. ಉಳಿದವರ ಅಪ್ಪ ಅಮ್ಮಂದಿರು ಬಂದರು, ತಬ್ಬಿಕೊಂಡರು, ಮಗು ಇಳಿದುಹೋಗಿದೆ ಎಂದು ಕೊರಗಿದರು. ಪ್ರತಿ ಕಾರಿನ ಸದ್ದಿಗೂ ಕಿಟಕಿ ಎದ್ದು ನಿಲ್ಲುತ್ತಿದ್ದಳು, ಮತ್ತೆ ಕೂರುತ್ತಿದ್ದಳು.

"ಅಕ್ಕ, ನಾನು ಅಡ್ರೆಸ್ ತಪ್ಪು ಬರೆದ್ನಾ?"

ಒಂದು ಚಿಲಕಕ್ಕಾಗಿ ಎಂಥ ಬಾಗಿಲು ಮುಚ್ಚಿಬಿಟ್ಟೆ ಎಂದು ಪೀಪಿ ಅಕ್ಕ ತನ್ನ ಎಡಗೈಯನ್ನು ತಾನೇ ಗಿಲ್ಲಿಕೊಂಡಳು. ಆಫೀಸಿಗೆ ಓಡಿದಳು. ದೊಡ್ಡಮ್ಮ ಆಗಷ್ಟೇ ಯಾರಿಗೋ ಫೋನು ಮಾಡಿ ಮುಗಿಸಿ, ಹೊರಗೆ ಹುಲ್ಲಿನ ಮೇಲೆ ತಂದೆತಾಯಿಯರ ನಡುವೆ ನಿಂತಿದ್ದರು. ಇವಳು ಫೋನೆತ್ತಿ, ಬಾವಿಯ ತಳದ ದನಿ ತೆಗೆದಳು.

"ನಿಮ್ಮ ಮಗಳು ಬೆಳಗ್ಗೆಯಿಂದ ಗೇಟಲ್ಲಿ ಕಾಯ್ತಿದ್ದಾಳೆ. ಈಗಲೇ ಹೊರಡಿ. ಅರ್ಥವಾಯಿತೇ?"

ಆ ಕಡೆಯಿಂದ ಕಿಟಕಿಯ ಅಮ್ಮ: "ಬರಬೇಡ ಅಂತ ಬರೆದಿದ್ಲಲ್ಲ ಮೇಡಂ. ಆ ಕಾರ್ಡ್ ಓದಿ ಎರಡು ದಿನ ಅತ್ತೆ ನಾನು. ಇಷ್ಟು ಬೇಗ ದೊಡ್ಡವಳಾಗ್ಬಿಟ್ಲಲ್ಲ ಅಂತ."

ಫೋನಿಟ್ಟು ತಿರುಗಿದರೆ ಬಾಗಿಲಲ್ಲಿ ಅಡುಗೆಯವನು. ಆಗಷ್ಟೇ ಹುಲ್ಲಿನ ಮೇಲೆ ಕಂಡಿದ್ದ ದೊಡ್ಡಮ್ಮ ಆಫೀಸಿನೊಳಗೂ ಮಾತಾಡುತ್ತಿದ್ದರೆ ಯಾವನ ಕೈಯಲ್ಲಿ ಸೌಟು ನಿಂತೀತು? ಬಿದ್ದ ಸೌಟನ್ನು ಎತ್ತಿಕೊಂಡು, ತನ್ನ ಬಾಯಿ ಮುಚ್ಚಿರಬೇಕಾದರೆ ಎರಡು ಬುಟ್ಟಿ ಹುರುಳಿಕಾಯಿ ಬಿಡಿಸಿಕೊಡಬೇಕೆಂದ. ಪೀಪಿ ಅಕ್ಕ ಮಧ್ಯಾಹ್ನವಿಡೀ ನಾರು ಎಳೆದಳು. ಒಂದೊಂದು ನಾರಿಗೂ ಒಂದೊಂದು ನಿಟ್ಟುಸಿರು.

ನಾಲ್ಕಕ್ಕೆ ಟ್ಯಾಕ್ಸಿ ಬಂತು. ಕಿಟಕಿ ಅಮ್ಮನ ಸೆರಗಿನೊಳಗೆ ಹೊಕ್ಕು ಹತ್ತು ನಿಮಿಷ ಹೊರಬರಲಿಲ್ಲ. ಕೋಣೆಗೆ ಮನಸ್ಸಿನಲ್ಲೇ ಕೈಮುಗಿದು, ಪೀಪಿ ಅಕ್ಕ ಟ್ರಂಕನ್ನು ತಾನೇ ಎತ್ತಿ ಟ್ಯಾಕ್ಸಿಗೆ ಹಾಕಿದಳು. ಆಗ ಸೆರಗಿನಿಂದ ಕಿಟಕಿ ತಲೆ ಹೊರಹಾಕಿದಳು.

"ಟ್ರಂಕ್ ಯಾಕಕ್ಕ? ಅಮ್ಮನ್ನ ನೋಡಿ ಆಯ್ತಲ್ಲ. ನಾಳೆ ಈಜು ಇದೆ. ಅಮ್ಮ, ನೀನು ಹೋಗ್ಬಾ."

ಕಳಚಿ ಬಿದ್ದಿದ್ದ ಚಿಲಕ ತಾನಾಗಿ ಹಾರಿಬಂದು ಬಾಗಿಲಿಗೆ ಕೂತಿತು. ಪೀಪಿ ಅಕ್ಕ ಟ್ರಂಕು ಇಳಿಸುವಷ್ಟರಲ್ಲಿ ಹಿಂದೆಯೇ ಇನ್ನೊಂದು ಕಾರು ನಿಂತಿತು. ಇಳಿದವರು ಅಣ್ಣ, ಅತ್ತಿಗೆ. ಮೂರು ವರ್ಷದಲ್ಲಿ ಒಮ್ಮೆಯೂ ತಲೆ ಸವರದ ಅತ್ತಿಗೆ ಓಡಿಬಂದು ತಬ್ಬಿಕೊಂಡರು. "ನನ್ನ ನೆನೆಸ್ಕೊಂಡು ಅಳ್ತಿದ್ದೀಯಂತಲ್ಲೇ. ಹುಚ್ಚಿ. ಮಂಚಕ್ಕೆ ಹೊಸ ಹಾಸಿಗೆ ತಂದಿದ್ದೀನಿ, ನಡಿ ಮನೆಗೆ."

ದೊಡ್ಡಮ್ಮ ಮೆಲ್ಲಗೆ ಬಂದು, ಕೈಚೀಲದಿಂದ ಒಂದು ಕಾರ್ಡು ತೆಗೆದು ಓದಿದರು. 'ದೊಡ್ಡಮ್ಮ, ನನಗೆ ಇಲ್ಲಿ ಆಗಲ್ಲ. ಅತ್ತಿಗೆ ತುಂಬ ನೆನಪಾಗುತ್ತಾರೆ. ಭಾನುವಾರ ಬರಕ್ಕೆ ಹೇಳಿ, ನನ್ನ ಕರ್ಕೊಂಡು ಹೋಗಲಿ.' ಪೀಪಿ ಅಕ್ಕನದೇ ಓರೆ ಅಕ್ಷರ, ಪೀಪಿ ಅಕ್ಕನದೇ ಉದ್ದ ಬಾಲದ ಕೊಂಬು. ಕೆಳಗೆ ರುಜುವಿನ ಜಾಗದಲ್ಲಿ ಪುಟ್ಟದೊಂದು ಸೀಟಿ.

"ಬುಧವಾರ ನನ್ನ ಕಾರ್ಡಿನ ಡಬ್ಬಿಯಲ್ಲಿತ್ತು. ನಾಲ್ಕು ಕಡೆ ತಿದ್ದಿದ್ದೀಯ. ಅಳ್ತಾ ಬರೆದಿದ್ದೀಯ ಅಂದ್ಕೊಂಡೆ," ಎಂದರು. "ನಿನ್ನ ಗುಡಿಸಲಿಂದ ಒಂದು ಮಗುವೂ ಹೋಗಲಿಲ್ಲ. ಕೋಣೆ ನಿನಗೇ ಅಂತ ಇದ್ದೆ. ಆದರೆ ಮನೆಗೆ ಅಂತ ಅಳೋರನ್ನ ಹಿಡಿದಿಟ್ಕೊಳ್ಳೋ ಪದ್ಧತಿ ನನ್ನದಲ್ಲ. ಅರ್ಥವಾಯಿತೇ?"

ಅದು ನಾನು ಬರೆದದ್ದಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಗುಡಿಸಲಿನ ಮೆಟ್ಟಿಲ ಮೇಲಿಂದ ಲಾಯರ್, ಮುಖದಲ್ಲಿ ಒಂದು ಗೆರೆಯೂ ಅಲುಗದೆ, ಕೇಳಿದಳು: "ಒಬ್ಬರ ಕಾರ್ಡು ಇನ್ನೊಬ್ಬರು ಬರೀತಾರಾ ಅಕ್ಕ?"

ಕಿಟಕಿಯ ಅಮ್ಮ ಪರ್ಸು ಬಿಚ್ಚಿ, ಹಲ್ಲಿಲ್ಲದ ನಗುಮುಖದ ಕಾರ್ಡನ್ನು ಪ್ರೀತಿಯಿಂದ ಎಲ್ಲರಿಗೂ ತೋರಿಸುತ್ತಿದ್ದರು. ಅದನ್ನೊಮ್ಮೆ ನೋಡಿ, ಪೀಪಿ ಅಕ್ಕ ನಾಲಿಗೆಯ ತುದಿಯಲ್ಲಿದ್ದುದನ್ನು ನುಂಗಿಕೊಂಡಳು.

ಮೆಟ್ಟಿಲ ಮೇಲೆ ಮೊದಲು ಕಿಸಕ್ಕೆಂದದ್ದು ಯಾರೋ, ಅಂತೂ ಒಬ್ಬರ ಹಿಂದೊಬ್ಬರು ಎಂಟೂ ಮಕ್ಕಳು ನಕ್ಕರು. ಪೀಪಿ ಅಕ್ಕ ಕೊರಳಿನ ಸೀಟಿ ತೆಗೆದು ಕಿಟಕಿಯ ಕೊರಳಿಗೆ ಹಾಕಿದಳು, ಅವಳ ಶೂಗಳನ್ನು ಸರಿಯಾದ ಕಾಲಿಗೆ ಬದಲಿಸಿದಳು. ಆಮೇಲೆ ನಗತೊಡಗಿದಳು. ಎಂಟೂ ಮಕ್ಕಳ ನಗು ಮುಳುಗಿಹೋಗುವಷ್ಟು ಜೋರಾಗಿ, ಕಣ್ಣಲ್ಲಿ ನೀರು ಬರುವಷ್ಟು.

"ನೋಡಿ," ಎಂದರು ಅತ್ತಿಗೆ, ದೊಡ್ಡಮ್ಮನ ಕಡೆ ತಿರುಗಿ. "ಮನೆಗೆ ಹೋಗೋದು ಅಂದ್ರೆ ಎಷ್ಟು ಸಂತೋಷ ಇವಳಿಗೆ."