ಒಳಕೋಣೆಯ ಅಪ್ಪಣೆ

ಇನ್ನೊಬ್ಬರ ಮನೆಯ ಹೊಸ್ತಿಲಲ್ಲಿ ನಿಂತಾಗ ಮನುಷ್ಯನಿಗೆ ಎಲ್ಲಿಲ್ಲದ ಸಭ್ಯತೆ ಬರುತ್ತದೆ. ಕೆಮ್ಮುತ್ತೇವೆ, ಚಪ್ಪಲಿ ಜೋಡಿಸಿಡುತ್ತೇವೆ, ಬೇಡ ಬೇಡವೆನ್ನುತ್ತಲೇ ಕಾಫಿ ಕುಡಿಯುತ್ತೇವೆ. ಕೈಯಲ್ಲಿ ಕ್ಯಾಮರಾ ಇದ್ದರೆ ಮಾತ್ರ ಇದೆಲ್ಲ ಮರೆತುಹೋಗುತ್ತದೆ. ಅರವತ್ತರ ದಶಕದಲ್ಲಿ ಹಾಸನದ ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರ ಹೇಳುತ್ತಿದ್ದೆ. ಬೆಳಕಿನ ಪಾಠ ಮಾಡಿದ ತಪ್ಪಿಗೆ ಫೋಟೋ ಸಂಘವನ್ನೂ ನನ್ನ ತಲೆಗೇ ಕಟ್ಟಿದ್ದರು. ಆ ವರ್ಷ ‘ಜನ ಮತ್ತು ಮನೆ’ ಎಂಬ ಪ್ರದರ್ಶನ ಮಾಡೋಣವೆಂದು ಹುಡುಗರೆಲ್ಲ ಕುಣಿದರು. ಸಂಘದ ಏಕೈಕ ವಿದ್ಯಾರ್ಥಿನಿ ಸರೋಜ ಕುಣಿಯಲಿಲ್ಲ. “ನಮ್ಮಮ್ಮ ಬೆರಣಿ ತಟ್ತಿದ್ದಾಗ ಯಾರೋ ಕೇಳ್ದೆ ಫೋಟೋ ತೆಗ್ದು, ಚನ್ನರಾಯಪಟ್ಟಣದಲ್ಲಿ ಅಂಗಡಿ ಬಾಗ್ಲಿಗೆ ತೂಗಾಕಿದ್ರು ಸಾರ್. ಅವತ್ತಿಂದ ಅಮ್ಮ ಆ ಬೀದೀಲಿ ಓಡಾಡಲ್ಲ” ಎಂದಳು. ಮನೆಯಲ್ಲಿರುವ ಪ್ರತಿಯೊಬ್ಬರನ್ನೂ ಕೇಳಬೇಕು, ಒಬ್ಬರು ಬೇಡವೆಂದರೂ ಕ್ಯಾಮರಾ ಚೀಲ ಸೇರಬೇಕು ಎಂದು ಅಲ್ಲೇ ಕಟ್ಟುಪಾಡು ಮಾಡಿದೆವು.

ಮೊದಲು ಹೋದದ್ದು ಬಾಗೂರಿಗೆ, ಸರೋಜಳ ದೊಡ್ಡಮ್ಮ ಪುಟ್ಟತಾಯಮ್ಮನವರ ಮನೆಗೆ. ಸುಡು ಮಧ್ಯಾಹ್ನ. ಮಕ್ಕಳು, ಸೊಸೆಯಂದಿರು ಹೊಲಕ್ಕೆ ಹೋಗಿದ್ದರು. “ನಂದೇನಡ್ಡಿಯಿಲ್ಲ ಕಣೇಳಿ ಮೇಷ್ಟ್ರೆ. ಮಕ್ಳು, ಸೊಸೇರೂ ಊಂ ಅಂದವ್ರೆ. ನಮ್ಮತ್ತೇನ ಒಂದ್ಮಾತು ಕೇಳ್ಬುಡಿ, ಒಳಗವ್ರೆ” ಎಂದರು ಪುಟ್ಟತಾಯಮ್ಮ. ನಡುಮನೆ ದಾಟಿ ಒಳಕೋಣೆಯ ಮುಂದೆ ನಿಂತೆ. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕತ್ತಲು, ಹರಳೆಣ್ಣೆ ಹಚ್ಚಿದ ತಲೆಯ ವಾಸನೆ. ಮುದುಕಿಗೆ ಕಿವಿ ಮಂದವಿರಬಹುದೆಂದು ಗಟ್ಟಿಯಾಗಿಯೇ, “ಅಮ್ಮಾ, ಫೋಟೋ ತೆಗೀಬಹುದಾ?” ಎಂದೆ. ಬಳೆ ಸದ್ದಾಯಿತು. ಬಾಗಿಲು ಮೆಲ್ಲಗೆ, ನನ್ನ ಮುಖದ ಮೇಲೆಯೇ ಮುಚ್ಚಿಕೊಂಡಿತು.

ಆಚೆ ಬಂದು, “ನಿಮ್ಮತ್ತೆಗೆ ಬೇಡವಂತೆ” ಎಂದೆ. ಹುಡುಗರ ಜೊತೆ ಆಗಷ್ಟೇ ಅಂಗಳಕ್ಕೆ ಬಂದ ಸರೋಜ ನನ್ನನ್ನು ಪಕ್ಕಕ್ಕೆ ಕರೆದಳು. “ಸಾರ್, ಅಜ್ಜಿ ತೀರ್ಕೊಂಡು ಎಷ್ಟೋ ವರ್ಷ ಆಯ್ತು.”

ಕಾಲೇಜಿನಲ್ಲಿ ದೆವ್ವಗಳ ವಿರುದ್ಧ ಭಾಷಣ ಮಾಡಿದವನು ನಾನು. “ಗಾಳಿ, ಗಾಳಿ” ಎಂದೆ. ಅಂಗಳದಲ್ಲಿ ಒಣಹಾಕಿದ್ದ ಸೀರೆ ಮಿಸುಕುತ್ತಿರಲಿಲ್ಲ. “ಸತ್ತೋರೇನು ಕೇಸಾಕ್ತಾರಾ? ತೆಗ್ದುಬುಡಾನ ಸಾ” ಎಂದ ಒಬ್ಬ ಹುಡುಗ. ಪುಟ್ಟತಾಯಮ್ಮ ಜಗುಲಿಯಿಂದ ಎದ್ದೇಬಿಟ್ಟರು. “ಈ ಮನೆ ಅವ್ರದು ಕಣಪ್ಪ. ಅವ್ರು ಬ್ಯಾಡ ಅಂದ್ಮೇಲೂ ನಾನು ಕೂತ್ಕಂಡ್ರೆ, ಅವ್ರನ್ನ ಆಚೆಗಾಕ್ದಂಗೆ. ಮೇಷ್ಟ್ರೆ, ಇನ್ನೊಂದ್ಸತಿ ಕೇಳಿ. ವಸಿ ನಿಧಾನಕ್ಕೆ.”

ವಿದ್ಯಾರ್ಥಿಗಳು ನೋಡುತ್ತಿದ್ದರು. ಹೋಗದಿದ್ದರೆ ಹೆದರಿದೆನೆಂದಾಗುತ್ತದೆ, ಹೋದರೆ ನಂಬಿದೆನೆಂದಾಗುತ್ತದೆ. ಹೋದೆ. “ಅಮ್ಮಾ, ನಿಮ್ಮ ಕೋಣೆ ತೆಗೆಯೋದಿಲ್ಲ. ಜಗುಲಿ ಮೇಲೆ ನಿಮ್ಮ ಸೊಸೇದು ಮಾತ್ರ” ಎಂದು ಪಿಸುಗುಟ್ಟಿದೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಬಾಗಿಲು ಕಿರುಗುಟ್ಟಿ, ಮೊದಲಿದ್ದಷ್ಟೇ ತೆರೆದುಕೊಂಡಿತು. ನಾನು ಹೇಗೆ ಜಗುಲಿಗೆ ಬಂದೆನೋ ನನಗೆ ನೆನಪಿಲ್ಲ. ಫೋಟೋ ತೆಗೆದವಳು ಸರೋಜ. ನಾನು ಕ್ಯಾಮರಾವನ್ನು ಅವಳ ಕೈಗೆ ಕೊಟ್ಟು ಅಂಗಳಕ್ಕಿಳಿದಿದ್ದೆ.

ಫೋಟೋ ಚೆನ್ನಾಗಿ ಬಂದಿತ್ತು. ಪುಟ್ಟತಾಯಮ್ಮ ಜಗುಲಿಯ ಒಂದು ತುದಿಗೆ ಒತ್ತರಿಸಿಕೊಂಡು, ಪಕ್ಕದಲ್ಲಿ ಯಾರಿಗೋ ಜಾಗ ಬಿಟ್ಟು ಕೂತಿದ್ದರು. ಪ್ರತಿಯನ್ನು ಕೊಡಲು ಹೋದಾಗ ಆ ಖಾಲಿ ಜಾಗದ ಮೇಲೆ ಬೆರಳಾಡಿಸಿ ನಕ್ಕರು. “ನೋಡಿ, ಬಂದೂ ಮಕ ತಿರುಗಿಸ್ಕಂಡ್ಬುಟ್ಟವ್ರೆ!” ನಾನು ಕನ್ನಡಕ ಒರೆಸಿಕೊಂಡು ನೋಡಿದೆ. ಗೋಡೆ ಮಾತ್ರ ಕಂಡಿತು. “ಹೌದು” ಎಂದೆ.

ಆಮೇಲೆ ನನಗೊಂದು ಚಾಳಿ ಅಂಟಿತು. ಖಾಲಿ ಕೋಣೆಗೆ ಹೋಗುವಾಗಲೂ “ಬರಬಹುದಾ?” ಎಂದು ಕೇಳಿಯೇ ಹೋಗುತ್ತಿದ್ದೆ. ಒಂದು ಸಂಜೆ ಉಗ್ರಾಣದ ಮುಂದೆ ಹಾಗೆ ನಿಂತಿದ್ದಾಗ ಹಿಂದಿನಿಂದ ಹೆಂಡತಿ ಕೇಳಿದಳು: “ಇಲ್ದೋರನ್ನೆಲ್ಲ ಕೇಳ್ತೀರಲ್ಲ. ನಾಳೆ ನಿಮ್ಮ ಸಂಘದೋರಿಗೆಲ್ಲ ನಮ್ಮನೇಲಿ ಊಟ ಅಂತ ಹೇಳಿ ಬಂದಿದೀರಂತೆ. ಇರೋ ನನ್ನನ್ನ ಒಂದ್ಮಾತು ಕೇಳಿದ್ರಾ?”

ಕೇಳಿರಲಿಲ್ಲ. ಬೇಳೆ ಎಷ್ಟು ಅಳೆದುಕೊಡಲಿ ಎಂದು ಕೇಳಿದೆ.